ಸುಬಾಬುಲ್ ಸಸಿ ಹಳದಿ ಆಗಿ ನಿಂತುಬಿಟ್ಟಿದೆ, ಏನು ಮಾಡೋದು?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ ಕಾಫಿ ತೋಟ. ಮೇವಿಗೂ ಸೌದೆಗೂ ಆಗುತ್ತೆ ಅಂತ ಬೇಲಿ ಸಾಲಿಗೆ ಸುಬಾಬುಲ್ ಬೀಜ ಬಿಸಿನೀರಲ್ಲಿ ನೆನೆಸಿ ಹಾಕಿದ್ದೆ. ಮೊಳಕೆ ಚೆನ್ನಾಗೇ ಬಂತು, ಆದರೆ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ಟಿದೆ. ಯೂರಿಯಾ ಹಾಕಿದರೆ ಸ್ವಲ್ಪ ದಿನ ಹಸಿರು, ಆಮೇಲೆ ಮತ್ತೆ ಹಳದಿ. ಕುಶಾಲನಗರದ ನೆಂಟರಲ್ಲಿ ಇದೇ ಬೀಜ ಮಾಡು ಮುಟ್ಟೋ ಹಾಗೆ ಬೆಳೆದಿದೆ.

ಉತ್ತರ: ಯೂರಿಯಾ ನಿಲ್ಲಿಸಿ. ಒಂದು ಸಸಿಯನ್ನು ಬೇರು ಹರಿಯದ ಹಾಗೆ ಅಗೆದು, ತೊಳೆದು ನೋಡಿ. ಬೇರಿನ ಗಂಟನ್ನು ಉಗುರಲ್ಲಿ ಸೀಳಿದಾಗ ಒಳಗೆ ನಸುಗೆಂಪು ಇದ್ದರೆ ರೈಜೋಬಿಯಂ, ಅಂದರೆ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡೋ ಬ್ಯಾಕ್ಟೀರಿಯಾ, ಕೆಲಸ ಮಾಡ್ತಿದೆ ಅಂತ. ಮಣ್ಣಿನ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಜಾಸ್ತಿ) ಎಷ್ಟು?

ಪ್ರಶ್ನೆ ಕೇಳಿದವರು: ಗಂಟು ಅಲ್ಲೊಂದು ಇಲ್ಲೊಂದು, ಒಳಗೆ ಬಿಳಿ. ತಾಯಿಬೇರು ಒಂದು ಗೇಣು ಇಳಿದು ಅಡ್ಡ ತಿರುಗಿದೆ. ಪಿಎಚ್ 4.9. ಬಚ್ಚಲೊಲೆ ಬೂದಿ ಸುರಿಯೋ ಜಾಗದ ಎರಡು ಗಿಡ ಮಾತ್ರ ಕಡುಹಸಿರು.

ಉತ್ತರ: ಆ ಬೂದಿಯೇ ಉತ್ತರ ಹೇಳ್ತಿದೆ, ಅದು ಮಣ್ಣಿನ ಹುಳಿ ತಗ್ಗಿಸುತ್ತೆ. ನಮ್ಮ ಮಳೆ ಮಣ್ಣಿನ ಸುಣ್ಣದಂಶವನ್ನೆಲ್ಲ ತೊಳೆದುಬಿಡುತ್ತೆ. ಇಷ್ಟು ಹುಳಿಯಾದ ಮಣ್ಣಲ್ಲಿ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಕೆಡಿಸುತ್ತೆ, ಸುಬಾಬುಲ್ ಅದನ್ನು ತಡೆಯಲ್ಲ. ಕುಶಾಲನಗರ ಕಡೆ ಮಳೆ ಕಡಿಮೆ, ಆ ಲೆಕ್ಕ ಇಲ್ಲಿಗೆ ಬರಲ್ಲ. ಕೃಷಿ ಸುಣ್ಣ ಹಾಕಬಹುದು, ಆದರೆ ಅದು ಆಳಕ್ಕಿಳಿಯೋಕೆ ವರ್ಷಗಳೇ ಬೇಕು. ಆ ಸುಣ್ಣ ಕಾಫಿಗೇ ಹಾಕಿ, ಬೇಲಿಗೆ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ನೆಡಿ. ಹುಳಿ ಮಣ್ಣಿಗೆ ತಕ್ಕಮಟ್ಟಿಗೆ ಒಗ್ಗುತ್ತೆ, ಬಲಿತ ಕೊಂಬೆ ಊರಿದರೆ ಸಾಕು. ಸೌದೆ ನಿಧಾನಕ್ಕೆ ಉರಿಯುತ್ತೆ, ಹೊಗೆಯೂ ಕಡಿಮೆ.

ಪ್ರಶ್ನೆ ಕೇಳಿದವರು: ಗ್ಲಿರಿಸಿಡಿಯಾ ಸೊಪ್ಪನ್ನ ನಮ್ಮ ಹಸು ಮೂಸಿ ನೋಡಿ ಮುಖ ತಿರುಗಿಸುತ್ತೆ.

ಇನ್ನೊಬ್ಬರು: ವಾಸನೆ ಕಾರಣ. ಸಂಜೆ ಕೊಯ್ದು ರಾತ್ರಿಯೆಲ್ಲ ಬಾಡಿಸಿ, ಬೆಳಿಗ್ಗೆ ಹುಲ್ಲಿನ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸಿ ಕೊಡಿ, ಅಭ್ಯಾಸ ಆಗುತ್ತೆ. ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರಿಸಬೇಡಿ. ದಯವಿಟ್ಟು ಗಮನಿಸಿ, ಹಂದಿ, ಮೊಲ ಸಾಕಿದ್ದರೆ ಅವಕ್ಕೆ ಈ ಸೊಪ್ಪು ಬೇಡವೇ ಬೇಡ. ಸುಬಾಬುಲ್ಲೂ ಅಷ್ಟೇ, ಅದರಲ್ಲಿರೋ ಮಿಮೋಸಿನ್ ಅನ್ನೋ ವಿಷದಿಂದ ಕೂದಲು ಉದುರುತ್ತೆ.

ಪ್ರಶ್ನೆ ಕೇಳಿದವರು: ಬೂದಿ ಹತ್ತಿರದ ಎರಡು ಗಿಡ ಇಟ್ಕೊಳ್ಳಲಾ?

ಉತ್ತರ: ಇಟ್ಕೊಳ್ಳಿ. ಕಾಯಿ ಬಲಿಯೋ ಮೊದಲೇ ಸವರ್ತಾ ಇರಿ, ಬೀಜ ಸಿಡಿದರೆ ತೋಟದ ತುಂಬ ಅದೇ ಕಳೆ ಆಗುತ್ತೆ.