ಪದಚರ್ಚೆ: ‘ಸ್ಕರ್ಮಿಷರ್’ ಗುಂಡು ಹೊಡೆದದ್ದನ್ನು ಕನ್ನಡದಲ್ಲಿ ಹೇಗೆ ಹೇಳೋಣ?

ಕೇಳಿಕೆ

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಅಚ್ಚಿಗೆ ಹೋಗಬೇಕು, ಅದಕ್ಕೇ ನೇರವಾಗಿ ಕೇಳುತ್ತೇನೆ. ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು, ದಾಳ ಹಾಕಿ, ಹಳೆಯ ಯುದ್ಧಗಳನ್ನು ಮೇಜಿನ ಮೇಲೆ ಆಡುತ್ತಾರಲ್ಲ, ಆ ವಾರ್‌ಗೇಮ್‌ನ ನಿಯಮದ ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಆಡುವುದು 1810ರ ಸೆಪ್ಟೆಂಬರ್ 27ರ ಬುಸಾಕೊ ಕಾಳಗ. ಪೋರ್ಚುಗಲ್‌ನ ಗುಡ್ಡಸಾಲು, ಮೇಲೆ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್, ಕೆಳಗಿನಿಂದ ಹತ್ತಿ ಬರುವ ಸೇನಾಪತಿ ಮಸೇನಾನ ಫ್ರೆಂಚರು.

ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಒಂದು, ಸಾಲುಗಟ್ಟಿ ನಿಲ್ಲದೆ, ಪಡೆಯ ಮುಂದೆ ಹರಡಿಕೊಂಡು, ಮರ ಬಂಡೆಗಳ ಮರೆಯಿಂದ ಗುಂಡು ಹೊಡೆಯುವ ಸ್ಕರ್ಮಿಷರ್. ಇನ್ನೊಂದು, ‘ರಿಸಾಲ್ವ್ ಶೂಟಿಂಗ್’, ಅಂದರೆ ಹೊಡೆದ ಗುಂಡು ತಗುಲಿತೋ ಇಲ್ಲವೋ ಅಂತ ದಾಳ ಹಾಕಿ ತೀರ್ಮಾನಿಸುವುದು. ‘ಪರಿಹರಿಸಿ’ ಅಂದರೆ ಗಾಯಾಳುಗಳಿಗೆ ಸರ್ಕಾರ ದುಡ್ಡು ಕೊಟ್ಟ ಹಾಗಿದೆ. ನಿಯಮ ಇಷ್ಟೇ: ಸ್ಕರ್ಮಿಷರ್ ಕಾಯಿ ಯಾವ ದಿಕ್ಕಿಗಾದರೂ ಹೊಡೆಯಬಹುದು. ಕಾಯಿಗೊಂದು ದಾಳ. 5 ಅಥವಾ 6 ಬಿದ್ದರೆ ತಗುಲಿತು. ಗುರಿಯೂ ಸ್ಕರ್ಮಿಷರ್ ಆಗಿದ್ದರೆ 6 ಬಿದ್ದರೆ ಮಾತ್ರ.

ಉತ್ತರ, ಮೈಸೂರಿನಿಂದ

ಚಕಮಕಿಗಾರ. ‘ಗುಂಡಿನ ಚಕಮಕಿ’ ಅಂತ ಪೇಪರಿನವರು ದಿನಾ ಬರೆಯುತ್ತಾರೆ. ಹೊಸದೇನೂ ಹುಟ್ಟಿಸಬೇಕಿಲ್ಲ.

ಉತ್ತರ, ಧಾರವಾಡದಿಂದ

ಆಗುವುದಿಲ್ಲ. ಚಕಮಕಿ ಅಂದರೆ ಬೆಂಕಿಕಲ್ಲು. ತುರ್ಕಿಯ ‘ಚಕ್ಮಕ್’, ಕಿಡಿ ಹೊಡೆಯುವುದು ಅಂತ. ಪಾರಸಿ ದಾಟಿ ನಮ್ಮಲ್ಲಿಗೆ ಬಂತು. 1810ರಲ್ಲಿ ಸಾಲಿನಲ್ಲಿ ನಿಂತವನ ಬಂದೂಕಿಗೂ ಅದೇ ಕಲ್ಲು, ಬಂಡೆ ಹಿಂದೆ ಕೂತವನ ಬಂದೂಕಿಗೂ ಅದೇ ಕಲ್ಲು. ಹಾಗಾದರೆ ಬುಸಾಕೊದಲ್ಲಿ ಕೋವಿ ಹಿಡಿದವರೆಲ್ಲ ಚಕಮಕಿಗಾರರೇ.

ಮತ್ತೆ ಮೈಸೂರಿನಿಂದ

ಚಕಚಕ, ಮಿಣಮಿಣ, ಚಕಮಕಿ. ಇದು ಅನುಕರಣ ಪದ ಅಂತ ಮಕ್ಕಳಿಗೂ ಗೊತ್ತು ಸಾರ್.

ಮತ್ತೆ ಧಾರವಾಡದಿಂದ

ಮಕ್ಕಳಿಗೆ ಗೊತ್ತಿರಬಹುದು. ಕಲ್ಲಿಗೆ ಯಾಕೆ ಆ ಹೆಸರು ಬಂತು ಅಂತ ಅವರನ್ನೇ ಕೇಳಿ ಹೇಳಿ.

ಉತ್ತರ, ತುಮಕೂರಿನಿಂದ

ಇಬ್ಬರೂ ಬೇರೆಯವರ ಮನೆಯ ಪಾತ್ರೆಗೆ ಜಗಳ ಆಡುತ್ತಿದ್ದೀರಿ. ಈ ಹಗುರ ಪಡೆಗಳಿಗೆ ಜರ್ಮನರು ‘ಯೇಗರ್’ ಅಂದರು, ಫ್ರೆಂಚರು ‘ಶಾಸರ್’, ಪೋರ್ಚುಗೀಸರು ‘ಕಸದೋರ್’. ಮೂರಕ್ಕೂ ಅರ್ಥ ಒಂದೇ, ಬೇಟೆಗಾರ. ಅವರೆಲ್ಲ ತಮ್ಮ ಮನೆಮಾತನ್ನೇ ಹಿಡಿದರು. ನಮ್ಮಲ್ಲಿ ‘ಬೇಡ’ ಅನ್ನುವ ಅಚ್ಚಗನ್ನಡ ಪದ ಇದೆ. ಶೂಟಿಂಗ್‌ಗೆ ‘ಎಸುಗೆ’ ಇದೆ. ಹಳಗನ್ನಡದಲ್ಲಿ ಬಾಣ ಬಿಡುವುದಕ್ಕೆ ಇದ್ದದ್ದೇ ಅದು. ‘ಬೇಡರ ಎಸುಗೆ’. ಮುಗಿಯಿತು.

ಕೇಳಿದವರಿಂದ

ಮುಗಿಯಲಿಲ್ಲ ಸಾರ್. ‘ಬೇಡ ಗುಂಡು ಹೊಡೆದರೆ ದಾಳ ಹಾಕಿ’ ಅಂತ ಬರೆದರೆ ಆಟಗಾರ ಹೊಡೆಯಬೇಕೋ ಬಾರದೋ? ಅದು ಒಂದು ಸಮುದಾಯದ ಹೆಸರು ಕೂಡ. ಇನ್ನೊಂದು ತೊಡಕಿದೆ. ನೀವು ಹೇಳಿದ ಮೂರೂ ಪಡೆಗಳ ಹೆಸರು. ನನಗೆ ಬೇಕಾದದ್ದು ನಿಂತು ಹೋರಾಡುವ ರೀತಿಯ ಹೆಸರು. ಕಸದೋರ್ ಪಡೆ ಒತ್ತಾಗಿ ಸಾಲಿನಲ್ಲೂ ನಿಲ್ಲಬಹುದು. ಆಗ ಈ ನಿಯಮ ಅದಕ್ಕಿಲ್ಲ. ಫ್ರೆಂಚರ ಮಾಮೂಲಿ ಬೆಟಾಲಿಯನ್ನಿನಲ್ಲೂ ಒಂದು ವೋಲ್ಟಿಜರ್ ಕಂಪನಿ ಇರುತ್ತದೆ, ಅದು ಮುಂದೆ ಹೋಗಿ ಹರಡಿಕೊಳ್ಳುತ್ತದೆ. ಆಗ ಈ ನಿಯಮ ಬೇಕು. ವೋಲ್ಟಿಜರ್ ಅಂದರೆ ನೆಗೆಯುವವನು. ಕುದುರೆ ಸವಾರನ ಬೆನ್ನಿಗೆ ನೆಗೆದು ಕೂತು ಸಾಗಲಿ ಅಂತ ಇಟ್ಟ ಹೆಸರಂತೆ. ಹೆಸರು ನೋಡಿ ಕೆಲಸ ಹೇಳಲಿಕ್ಕಾಗುವುದಿಲ್ಲ. ‘ಎಸುಗೆ’ ಅಂದರೆ ಹುಡುಗರು ಕಲ್ಲು ಎಸೆದರು ಅಂದುಕೊಳ್ಳುತ್ತಾರೆ.

ಉತ್ತರ, ತೀರ್ಥಹಳ್ಳಿ ಕಡೆಯಿಂದ

ಬಿಡಿಯಾಳು. ಸಾಲಿನಿಂದ ಬಿಡಿಯಾಗಿ ನಿಂತ ಆಳು. ಎದುರಿಗೆ ‘ಸಾಲಾಳು’ ತಾನಾಗಿ ಬರುತ್ತದೆ. ಒತ್ತುಸಾಲು, ಬಿಡಿಸಾಲು ಅಂತಲೂ ಮಾಡಬಹುದು. ಇವರು ಜೋಡಿಯಾಗಿ ಕೆಲಸ ಮಾಡುತ್ತಿದ್ದರು, ಒಬ್ಬ ಮದ್ದು ಗುಂಡು ತುಂಬುವಾಗ ಇನ್ನೊಬ್ಬನ ಕೋವಿ ಸಿದ್ಧವಾಗಿರಬೇಕು. ನಿಮ್ಮ ನಿಯಮದಲ್ಲಿ ಕಾಯಿಗೆ ಒಂದೇ ದಾಳ ಇರುವುದು ಅದಕ್ಕೇ ಇರಬೇಕು, ಗುಂಡು ಕಡಿಮೆ, ಗುರಿ ಜಾಸ್ತಿ. ಹೊಡೆತಕ್ಕೆ ನಮ್ಮ ಕಡೆ ‘ಈಡು’ ಅನ್ನುತ್ತೇವೆ. ಶಿಕಾರಿಯವರ ಮಾತು. ಹಂದಿ ಈಡಿಗೆ ಸಿಕ್ಕಿತು ಅಂದರೆ ಕೋವಿಯ ಅಳತೆಯೊಳಗೆ ಬಂತು ಅಂತ. ರೇಂಜಿಗೂ ಅದೇ ಸಾಕು.

ತುಮಕೂರಿನಿಂದ

ಬಿಡಿಯಾಳು ಪರವಾಗಿಲ್ಲ. ಆದರೆ ‘ಬಂದೂಕು’ ತೆಗೆಯಿರಿ, ಅರಬ್ಬಿ. ‘ಸಿಪಾಯಿ’ ಪಾರಸಿ. ‘ತುಪಾಕಿ’ ತುರ್ಕಿ. ‘ಪಟಾಲಂ’ ಅಂತೂ ಬೆಟಾಲಿಯನ್ನಿನ ಹೊಟ್ಟೆಯಿಂದಲೇ ಬಂದದ್ದು. ಕನ್ನಡಿಗ ಕಾದಾಡಿದ್ದೇ ಇಲ್ಲವೇನೋ ಅನ್ನಿಸುತ್ತದೆ ಈ ಪಟ್ಟಿ ನೋಡಿದರೆ.

ಧಾರವಾಡದಿಂದ

ಕಾದಾಡಿದ್ದಕ್ಕೇ ಬಂದ ಪದಗಳು ಅವು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕತ್ತಲು, ಮರ, ಟಿಪ್ಪುವಿನ ಬಂದೂಕು, ರಾಕೆಟ್ಟು. ನುಗ್ಗಿದ ಆಂಗ್ಲರ ಪಡೆ ದಾರಿ ತಪ್ಪಿ ಹಿಂದೆ ಸರಿಯಿತು. ನಡೆಸಿದವನು ಕರ್ನಲ್ ವೆಲ್ಲೆಸ್ಲಿ. ಮುಂದೆ ಬುಸಾಕೊದಲ್ಲಿ ಗುಡ್ಡದ ಮೇಲೆ ನಿಂತ ವೆಲಿಂಗ್ಟನ್ ಅವನೇ. ಅವನನ್ನು ಆ ರಾತ್ರಿ ಹಿಮ್ಮೆಟ್ಟಿಸಿದವರು ತಮ್ಮ ಆಯುಧಕ್ಕೆ ಹೊರಗಿನ ಹೆಸರಿತ್ತು ಅಂತ ನಾಚಿಕೊಳ್ಳಲಿಲ್ಲ. ಅಂದ ಹಾಗೆ ಮರಗಳ ತೋಪು ನಮ್ಮದು, ಫಿರಂಗಿಯ ತೋಪು ತುರ್ಕಿಯದು. ಯಾವುದನ್ನು ತೆಗೆಯೋಣ, ಹೇಳಿ?

ತುಮಕೂರಿನಿಂದ

ಬಂದದ್ದೆಲ್ಲ ಇರಲಿ ಅನ್ನುವುದು ಸೋಮಾರಿತನ. ಹೊಸ ಪದ ಕಟ್ಟುವಾಗಲಾದರೂ ಮನೆಯಲ್ಲಿ ಹುಡುಕಿ ಅಂದೆ, ಅಷ್ಟೇ.

ಮೈಸೂರಿನಿಂದ

ಒಬ್ಬರು ‘ಬೇಡ’ ಅಂತೀರಿ, ಇನ್ನೊಬ್ಬರು ‘ಬಿಡಿ’ ಅಂತೀರಿ. ನನ್ನ ಚಕಮಕಿಯೇ ವಾಸಿ ಅಲ್ವಾ? ಹೊಡೆಯುವವನಿಗೆ ಗುರಿ ಅಡ್ಡಿಯಿಲ್ಲದೆ ಕಾಣಬೇಕಲ್ಲ, ಆ ‘ಲೈನ್ ಆಫ್ ಸೈಟ್‌’ಗೆ ‘ಕಣ್ಣಳತೆ’ ಹಾಕಿ, ಚೆನ್ನಾಗಿರುತ್ತದೆ.

ತೀರ್ಥಹಳ್ಳಿ ಕಡೆಯಿಂದ

ಕಣ್ಣಳತೆ ಅಂದರೆ ಅಂದಾಜು. ಕೆಲವು ಆಟಗಳಲ್ಲಿ ಟೇಪು ಹಿಡಿಯುವ ಮೊದಲು ದೂರವನ್ನು ಕಣ್ಣಿನಲ್ಲೇ ಅಳೆಯಬೇಕು, ಅಲ್ಲಿಗೆ ಉಳಿಸಿಕೊಳ್ಳಿ. ಇಲ್ಲಿಗೆ ‘ನೋಟದ ಗೆರೆ’ ಸಾಕು. ಇನ್ನು ಆ ‘ರಿಸಾಲ್ವ್’ ವಿಚಾರ ಯಾರೂ ಮುಟ್ಟಲೇ ಇಲ್ಲ. ಪಗಡೆ, ಚೌಕಾಬಾರ ಆಡುವವರು ‘ಗರ ಬಿತ್ತು’ ಅನ್ನುತ್ತಾರೆ. ‘ಗರ ಹಾಕಿ ನೋಡಿ’ ಅಂದರೆ ಅಜ್ಜಿಗೂ ತಿಳಿಯುತ್ತದೆ. ಅದಕ್ಕೆ ಬೇರೆ ಕ್ರಿಯಾಪದವೇ ಬೇಕಿಲ್ಲ. ‘ಹತ’ ಅಂತ ಮಾತ್ರ ಬರೆಯಬೇಡಿ. ಮೇಜಿನಿಂದ ತೆಗೆದ ಕಾಯಿ ಅಂದರೆ ಸತ್ತವನೇ ಆಗಬೇಕಿಲ್ಲ. ಗಾಯ ಆದವನು, ಅವನನ್ನು ಹೊತ್ತು ಹಿಂದೆ ಹೋದವನು, ಸುಮ್ನೆ ಓಡಿಹೋದವನು, ಎಲ್ಲ ಸೇರಿರುತ್ತಾರೆ. ‘ಕಾಯಿ ಎತ್ತಿ’ ಅನ್ನಿ.

ಕೇಳಿದವರಿಂದ

ಗರ ಸಿಕ್ಕಿದ್ದು ದೊಡ್ಡ ಉಪಕಾರ. ಹಾಳೆಯಲ್ಲಿ ಹೀಗೆ ಹೋಗುತ್ತದೆ: ‘ಬಿಡಿಯಾಳುಗಳು ಯಾವ ದಿಕ್ಕಿಗಾದರೂ ಹೊಡೆಯಬಹುದು. ಗುರಿ ಈಡಿನೊಳಗಿದ್ದು ನೋಟದ ಗೆರೆಗೆ ಸಿಗಬೇಕು. ಕಾಯಿಗೊಂದು ಗರ ಹಾಕಿ. 5, 6 ತಗುಲುತ್ತದೆ. ಗುರಿಯೂ ಬಿಡಿಯಾಳಾದರೆ 6 ಮಾತ್ರ. ತಗುಲಿದಷ್ಟು ಕಾಯಿ ಎತ್ತಿ.’ ಬಂದೂಕು ಇರುತ್ತದೆ, ತುಮಕೂರಿನವರು ಕ್ಷಮಿಸಬೇಕು.

ಇನ್ನೊಂದೇ ಒಂದು. ಎದುರಾಳಿ ಮೈಮೇಲೆ ಬಂದಾಗ ಬಿಡಿಯಾಳುಗಳು ಕಾದಾಡದೆ ಹಿಂದಕ್ಕೆ ಹೋಗಬಹುದು, ‘ಇವೇಡ್’. ಇದಕ್ಕೆ?

ತುಮಕೂರಿನಿಂದ

ಜಾರಿಕೊಳ್ಳು. ಇದಕ್ಕೂ ಚರ್ಚೆ ಬೇಕಾ?