ನಾಲಿಗೆಯ ಹುಣ್ಣಿಗೆ ಕುತ್ತಿಗೆಯ ಆಪರೇಷನ್ ಯಾಕೆ?

ಪ್ರಶ್ನೆ (ಬ್ರಹ್ಮಾವರ): ಡಾಕ್ಟ್ರೇ, ನಮಸ್ಕಾರ. ನನ್ನ ಮಾವನಿಗೆ ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇತ್ತು. ನಾಲಿಗೆಯ ಬದಿಯಲ್ಲಿ ಹುಣ್ಣಾಗಿ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಸ್ಕ್ಯಾನಿನಲ್ಲಿ ಕುತ್ತಿಗೆಯಲ್ಲಿ ಏನೂ ಇಲ್ಲ. ಆದರೂ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕಂತೆ. ಕತ್ತಿ ತಾಗಿದರೆ ಹರಡುತ್ತದೆ ಅಂತ ಅತ್ತೆಗೆ ಹೆದರಿಕೆ. ಬಯಾಪ್ಸಿ ಮಾಡಿಸಿದ್ದೇ ತಪ್ಪಾಯಿತಾ?

ಉತ್ತರ (ಕ್ಯಾನ್ಸರ್ ಸರ್ಜನ್, ಮಂಗಳೂರು): ಬಯಾಪ್ಸಿ ಮಾಡಿಸಿದ್ದು ಸರಿಯೇ. ನಾಲಿಗೆಯಿಂದ ಚೂರು ತೆಗೆದದ್ದಕ್ಕೆ ಕ್ಯಾನ್ಸರ್ ಹರಡುವುದಿಲ್ಲ, ಅತ್ತೆಗೆ ಧೈರ್ಯ ಹೇಳಿ. ಎಷ್ಟೋ ಜನ ಬರುವುದೇ ಹರಡಿದ ಮೇಲೆ. ಆಪರೇಷನ್ ಆಗಿ ಕಾಯಿಲೆ ಮರಳಿದರೆ ದೂರು ಕತ್ತಿಯ ಮೇಲೆ ಬೀಳುತ್ತದೆ.

ಆರೋಗ್ಯವಂತ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕ್ಯಾನ್ಸರ್ ಕೋಶ ಆ ಹಿಡಿತ ಬಿಟ್ಟು, ಕೆಳಗಿನ ತೆಳು ಪೊರೆಯನ್ನು ಕಿಣ್ವಗಳಿಂದ ಕರಗಿಸಿ ಒಳಗಿಳಿಯುತ್ತದೆ. ಅಲ್ಲಿ ರಕ್ತನಾಳಗಳೂ ದುಗ್ಧರಸ (ಲಿಂಫ್ ಎಂಬ ತಿಳಿ ದ್ರವ) ಹರಿಯುವ ನಾಳಗಳೂ ಇರುತ್ತವೆ. ನಾಲಿಗೆಯಲ್ಲಿ ದುಗ್ಧನಾಳಗಳು ಹೇರಳ, ಅವು ಸೇರುವುದು ದವಡೆಯ ಕೆಳಗಿನ ಮತ್ತು ಕುತ್ತಿಗೆಯ ಗ್ರಂಥಿಗಳನ್ನು. ಹಾಗಾಗಿ ಬಾಯಿಯ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಕುತ್ತಿಗೆಗೇ ಹೋಗುವುದು. ಕೆಲವೇ ಕೋಶಗಳು ಅಲ್ಲಿ ಕೂತಿದ್ದರೆ ಕೈಗೆ ಸಿಗುವುದಿಲ್ಲ, ಸ್ಕ್ಯಾನಿಗೂ ಕಾಣುವುದಿಲ್ಲ. ತೆಗೆದ ಗ್ರಂಥಿಯನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಗೊತ್ತಾಗುವುದು. ಮುಂದೆ ರೇಡಿಯೇಷನ್ ಬೇಕಾ ಎಂಬುದಕ್ಕೂ ಆ ರಿಪೋರ್ಟ್ ಮುಖ್ಯ.

ಗಡ್ಡೆ ಕಂಡ ಮೇಲೆ ತೆಗೆದರಾಗದೇ ಅಂತ ನೀವು ಕೇಳಬಹುದು. ಮುಂಬೈಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ಡಾ. ಅನಿಲ್ ಡಿಕ್ರೂಜ್ ಮತ್ತು ತಂಡ ಇದನ್ನೇ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಆರಂಭದ ಹಂತದಲ್ಲೇ ಕುತ್ತಿಗೆಯನ್ನೂ ಮಾಡಿಸಿಕೊಂಡವರಲ್ಲಿ 3 ವರ್ಷದ ನಂತರ ಬದುಕಿದ್ದವರು ಶೇ. 80, ಕಾದು ನೋಡಿದವರಲ್ಲಿ ಶೇ. 67.5. ನಮ್ಮದೇ ದೇಶದ, ಇದೇ ತರಹದ ರೋಗಿಗಳ ಲೆಕ್ಕ ಇದು. ಹುಣ್ಣು ಎಷ್ಟು ಆಳ ಇಳಿದಿದೆ ಅಂತ ರಿಪೋರ್ಟಿನಲ್ಲಿ ನೋಡಿ ಹೇಳಿ.

ಪ್ರಶ್ನೆ (ಸುರತ್ಕಲ್): ಸರ್, ಅಮ್ಮನಿಗೆ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತು. ಈಗ ಬೆನ್ನುಮೂಳೆಯಲ್ಲಿ ಉಂಟಂತೆ. ಇದು ಬೇರೆ ಮೂಳೆ ಕ್ಯಾನ್ಸರಾ?

ಉತ್ತರ: ಅಲ್ಲಿಗೆ ಹರಡಿದ್ದು ಅಂತ ವೈದ್ಯರು ಹೇಳಿದ್ದರೆ, ಮೂಳೆಯಲ್ಲಿ ಇರುವುದೂ ಸ್ತನದ ಕ್ಯಾನ್ಸರ್ ಕೋಶಗಳೇ. ಔಷಧವೂ ಸ್ತನ ಕ್ಯಾನ್ಸರಿನದ್ದೇ. ರಕ್ತಕ್ಕಿಳಿದ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ, ಉಳಿದವು ಎಲ್ಲ ಕಡೆಯೂ ಬೆಳೆಯುವುದಿಲ್ಲ. ಸ್ತನ ಕ್ಯಾನ್ಸರಿನಿಂದ ತೀರಿಹೋದ 735 ಹೆಂಗಸರ ದಾಖಲೆ ನೋಡಿದ ಬ್ರಿಟಿಷ್ ಸರ್ಜನ್ ಸ್ಟೀಫನ್ ಪ್ಯಾಜೆಟ್, ಬೀಜ ಎಲ್ಲೆಡೆ ಬಿದ್ದರೂ ಹಿಡಿಸಿದ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದು 1889ರಲ್ಲೇ ಹೇಳಿದ್ದರು. ಸ್ತನದ ಕೋಶಕ್ಕೆ ಮೂಳೆ ಹಿಡಿಸುತ್ತದೆ. ಒಂದು ಮಾತು ನೆನಪಿಡಿ: ಅಮ್ಮನ ಕಾಲಿಗೆ ಶಕ್ತಿ ಕಡಿಮೆಯಾದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ.

ಬ್ರಹ್ಮಾವರ: ಎಂಆರ್‌ಐಯಲ್ಲಿ ಆಳ 7 ಮಿ.ಮೀ. ಅಂತ ಉಂಟು. ಮುಂದಿನ ತಿಂಗಳು ಮನೆಯಲ್ಲಿ ದೈವದ ಕೋಲ ಇದೆ, ಅದು ಕಳೆದು ಮಾಡಿಸಬಹುದಾ?

ಉತ್ತರ: ಬೇಡ. 4 ಮಿ.ಮೀ. ದಾಟಿದರೆ ಕುತ್ತಿಗೆಯನ್ನೂ ಮಾಡಲೇಬೇಕು ಅಂತ ನಾವು ಹೇಳುವುದು, ಮಾವನದ್ದು 7. ಸರ್ಜನ್ ಕೊಟ್ಟ ತಾರೀಕಿಗೇ ಸೇರಿಸಿ. ಕೋಲದ ದಿನವನ್ನು ಮುಂದೆ ಹಾಕಲು ಮನೆಯ ಹಿರಿಯರ ಹತ್ತಿರ ಇವತ್ತೇ ಮಾತಾಡಿ.