ಪದ ಬೇಕು: ಸ್ಕ್ರೋಲ್ ಸಾ (ಸ್ವಲ್ಪ ಅರ್ಜೆಂಟು)

ಎಲ್ಲರಿಗೂ ನಮಸ್ಕಾರ,

ಮರದಲ್ಲಿ ಆಟಿಕೆ, ಒಗಟು, ಹೆಸರಿನ ಹಲಗೆ ಇಂಥವನ್ನೆಲ್ಲ ಕೊಯ್ಯುವ ಹವ್ಯಾಸದವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ಯಂತ್ರದ ಹೆಸರೇ, ಸ್ಕ್ರೋಲ್ ಸಾ. ಎರಡನೆಯದು, ಹಲಗೆಯ ಅಂಚಿನಿಂದ ಶುರು ಮಾಡದೆ ನಡುವೆ ತೂತು ಕೊರೆದು, ಅದರಲ್ಲಿ ಬ್ಲೇಡು ತೂರಿಸಿ, ಒಳಗಿನ ಭಾಗವನ್ನಷ್ಟೇ ತೆಗೆಯುವ ಕೊಯ್ತ. ಮೂರನೆಯದು ಬ್ಲೇಡಿನ ಟೆನ್ಷನ್. ನಿಘಂಟು 'ಒತ್ತಡ' ಅನ್ನುತ್ತೆ. ಹಾಗೆ ಬರೆದರೆ ಓದಿದವರು ಬ್ಲೇಡನ್ನು ಒತ್ತೋಕೆ ಹೋಗ್ತಾರೆ.

ಸದ್ಯಕ್ಕೆ 'ಸುರುಳಿ ಗರಗಸ' ಅಂತ ಹಾಕಿಟ್ಟಿದ್ದೇನೆ. ಯಾಕೋ ಸರಿ ಕಾಣ್ತಿಲ್ಲ.

– ಸು.

———

> ಸುರುಳಿ ಗರಗಸ

ಬೇಡ. ಇಲ್ಲಿ ಸ್ಕ್ರೋಲ್ ಅಂದರೆ ಸುತ್ತಿಟ್ಟ ಕಾಗದ ಅಲ್ಲ, ಬಳುಕುವ ಅಲಂಕಾರ. 'ಬಳ್ಳಿಗರಗಸ' ಅನ್ನಿ. ಬಳ್ಳಿಯೂ ನಮ್ಮದು, ಗರಗಸವೂ ನಮ್ಮದು. ಗರಗರ ಸದ್ದು ಮಾಡೋದು ಗರಗಸ. ಬ್ಲೇಡು ಯಾಕೆ, ಅಲಗು ಇದೆ. ಟೆನ್ಷನ್‌ಗೆ ಬಿಗುಪು. ಮುಗೀತು.

– ತಿ.

———

ಗರಗಸವು ಕ್ರಕಚದ ತದ್ಭವ. ಶಾಲೆಯ ತತ್ಸಮ-ತದ್ಭವ ಪಟ್ಟಿಯಲ್ಲೇ ಇದೆ. ಬಳ್ಳಿ, ವಲ್ಲಿ ಇವುಗಳಲ್ಲಿ ಯಾವುದು ಯಾವುದರಿಂದ ಬಂತು ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಆದರೆ ಸದ್ದು ಕೇಳಿ ವ್ಯುತ್ಪತ್ತಿ ಹೇಳುವುದಾದರೆ ಕಾಗೆಗಿಂತ ದೊಡ್ಡ ಭಾಷಾವಿಜ್ಞಾನಿ ಇಲ್ಲ.

– ವೆಂ.

———

> ಕ್ರಕಚದ ತದ್ಭವ

ಮೇಷ್ಟ್ರೇ, 'ಕ್ರ' ಅಂತ ಸದ್ದು ಮಾಡುವುದು ಕ್ರಕಚ ಅಂತ ಬಿಡಿಸಿರೋದು ನಿಮ್ಮ ಸಂಸ್ಕೃತದವರೇ ಅಲ್ವಾ? ಅವರು ಹೇಳಿದರೆ ಶಾಸ್ತ್ರ, ನಾನು ಹೇಳಿದರೆ ಕಾಗೆ.

– ತಿ.

———

ಈ ಯಂತ್ರದ ಮುಂದೆ ಕೂತು ಕೆಲಸ ಮಾಡುವವನು ನಾನು. ಕ್ರಕಚ ಆಮೇಲೆ ನೋಡೋಣ, ಅವರ ಪುಸ್ತಕ ನಾಳೆ ಅಚ್ಚಿಗೆ ಹೋಗ್ತಿದೆ.

ಸ್ಕ್ರೋಲ್ ಸಾದ ಬ್ಲೇಡು ಸಾಮಾನ್ಯವಾಗಿ 5 ಇಂಚು ಉದ್ದ, ತುಂಬಾ ಸಪೂರ. ಮೇಲೊಂದು ಕೆಳಗೊಂದು ಹಿಡಿ ಅದರ ಎರಡೂ ತುದಿಯನ್ನು ಕಚ್ಚಿಕೊಂಡಿರುತ್ತೆ. ಮೋಟಾರು ಅದನ್ನು ಮೇಲೆ ಕೆಳಗೆ ಆಡಿಸುತ್ತೆ. ಯಂತ್ರ ಇದ್ದಲ್ಲೇ ಇರುತ್ತೆ, ಗೀಟು ನೋಡಿಕೊಂಡು ಹಲಗೆಯನ್ನು ನಾವು ತಿರುಗಿಸ್ತೇವೆ. ಕೈಯಲ್ಲಿ ಹಿಡಿಯೋ ಜಿಗ್‌ಸಾದಲ್ಲಿ ಇದು ತಿರುಗಾಮುರುಗ. ಹಲಗೆ ನಿಂತಿರುತ್ತೆ, ಯಂತ್ರ ಓಡುತ್ತೆ, ಬ್ಲೇಡಿನ ಒಂದು ತುದಿಗೆ ಹಿಡಿತವೇ ಇಲ್ಲ. ಬ್ಯಾಂಡ್ ಸಾದ ಬ್ಲೇಡು ತುದಿಯಿಲ್ಲದ ಉದ್ದನೆಯ ಪಟ್ಟಿ, ಹಾಗಾಗಿ ತೂತಿನೊಳಗೆ ತೂರಿಸೋ ಮಾತೇ ಇಲ್ಲ. ನಿಮ್ಮ ಕೈಪಿಡಿಯಲ್ಲಿ ಈ ಮೂರರ ಹೆಸರೂ ಬರಬಹುದು. 'ಬಳ್ಳಿಗರಗಸ' ಅಂದರೆ ಬ್ಯಾಂಡ್ ಸಾ ಅಂದುಕೊಳ್ಳೋರೇ ಜಾಸ್ತಿ.

'ಸುರುಳಿ' ಬೇಡ ಅಂತ ನಾನೂ ಹೇಳ್ತೀನಿ, ಕಾರಣ ಬೇರೆ. ಸ್ಪೈರಲ್ ಬ್ಲೇಡು ಅಂತ ಒಂದಿದೆ. ತಿರುಚಿದ ಬ್ಲೇಡು, ಸುತ್ತಲೂ ಹಲ್ಲು. ಹಲಗೆ ತಿರುಗಿಸದೆಯೇ ಯಾವ ದಿಕ್ಕಿಗಾದರೂ ಕೊಯ್ಯುತ್ತೆ, ಆದರೆ ಕೊಯ್ದ ಅಂಚು ಒರಟು. ಸುರುಳಿ ಅನ್ನೋ ಹೆಸರು ಅದಕ್ಕೇ ಬೇಕು. ಯಂತ್ರಕ್ಕೆ ಖರ್ಚು ಮಾಡಿಬಿಟ್ಟರೆ ಅದಕ್ಕೇನಿಡ್ತೀರಿ?

ಟೆನ್ಷನ್‌ಗೆ 'ಬಿಗಿ' ಸಾಕು. 'ಬ್ಲೇಡಿಗೆ ಬಿಗಿ ಸಾಲದು' ಅನ್ನೋದು ಸಲೀಸು ಮಾತು. ಬೆರಳಲ್ಲಿ ಮೀಟಿದರೆ ಟಿಂಗ್ ಅನ್ನಬೇಕು, ಮಂಕಾಗಿ ಸದ್ದು ಬಂದರೆ ಸಡಿಲ. ಸಡಿಲ ಬ್ಲೇಡು ತಿರುವಿನಲ್ಲಿ ಹೊಟ್ಟೆ ಬಿಡುತ್ತೆ, ಕೊಯ್ದ ಗೋಡೆ ನೆಟ್ಟಗೆ ಬರಲ್ಲ. 'ಒತ್ತಡ' ಬೇರೆ ಕಡೆಗೆ ಬೇಕಾಗುತ್ತೆ, ಎತ್ತಿಟ್ಟುಕೊಳ್ಳಿ. ಹಲಗೆಯನ್ನು ಬ್ಲೇಡಿಗೆ ಜೋರಾಗಿ ಒತ್ತಬೇಡಿ ಅನ್ನೋ ಸಾಲು ಬಂದೇ ಬರುತ್ತೆ.

ನಡುವಿನ ಕೊಯ್ತಕ್ಕೆ 'ಒಳಕೊಯ್ತ'. ತೂತಿಗೆ ತೂತು ಅಂತಲೇ ಬರೀರಿ, 'ರಂಧ್ರ' ಬೇಡ. ತುದಿಯಲ್ಲಿ ಅಡ್ಡ ಪಿನ್ ಇರೋ ಬ್ಲೇಡಿಗೆ ದೊಡ್ಡ ತೂತು ಬೇಕು, ಪಿನ್ ಇಲ್ಲದ್ದು ಸಣ್ಣ ತೂತಿನಲ್ಲೂ ತೂರುತ್ತೆ.

ಯಂತ್ರಕ್ಕೆ? ನಾವು ಸ್ಕ್ರೋಲ್ ಸಾ ಅಂತೀವಿ.

– ಗಿ.

———

ಬ್ಲೇಡು, ಮೋಟಾರು, ಪಿನ್, ಸ್ಕ್ರೋಲ್, ಸ್ಪೈರಲ್, ಬ್ಯಾಂಡ್. ಇಷ್ಟುದ್ದದ ಟಪಾಲಿನಲ್ಲಿ ಕನ್ನಡ ಉಳಿದಿರೋದು ಕ್ರಿಯಾಪದಗಳಲ್ಲಿ ಮಾತ್ರ. ಉಪಕರಣ ಬಳಸೋದು ಬೇರೆ, ಪದ ಕಟ್ಟೋದು ಬೇರೆ.

– ತಿ.

———

ಟಪಾಲು ಅಚ್ಚಗನ್ನಡವಾ ಸರ್?

– ಗಿ.

———

ಬೀದಿ ಜಗಳ ಸಾಕು. ಎರವಲು ಪದ ಹೊಸದೇನಲ್ಲ. ಮರ ನಯ ಮಾಡುವ ಸಾಧನಕ್ಕೆ ಬಡಗಿಗಳು ರಂದ ಎನ್ನುತ್ತಾರೆ, ಅದು ಪಾರಸಿ. ಕೀಸುಳಿ ಎಂಬ ಒಳ್ಳೆಯ ಪದವಿದ್ದೂ ರಂದ ಗೆದ್ದಿತು. ಆದರೂ ಇಲ್ಲದ ಪದವನ್ನು ಕಟ್ಟುವುದಾದರೆ ಸಂಸ್ಕೃತದಿಂದ ಕಟ್ಟಿದರೆ ತೂಕವಿರುತ್ತದೆ. 'ಲತಾಕ್ರಕಚ' ಪರಿಶೀಲಿಸಬಹುದು.

– ವೆಂ.

———

ಲತಾಕ್ರಕಚ! ಪುಸ್ತಕ ಕೊಂಡವರು ಅದನ್ನು ಉಚ್ಚರಿಸೋ ಹೊತ್ತಿಗೆ ಬೆರಳು ಹೋಗಿರುತ್ತೆ.

ಇಂಗ್ಲಿಷಿನವರ ಹೆಸರುಗಳೂ ಅಷ್ಟು ಅಚ್ಚುಕಟ್ಟಾಗೇನಿಲ್ಲ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಮರದ ಮೇಲೆ ನಕಾಶೆ ಅಂಟಿಸಿ, ದೇಶದೇಶವಾಗಿ ಕತ್ತರಿಸಿ ಮಾರಿದಾಗ ಅದನ್ನು ಜಿಗ್‌ಸಾ ಒಗಟು ಅಂತ ಯಾರೂ ಕರೆದಿರಲಿಲ್ಲ. ಆ ಹೆಸರು ಬಂದಿದ್ದು ಎಷ್ಟೋ ಕಾಲದ ಮೇಲೆ. ಈಗ ನೋಡಿದರೆ ಜಿಗ್‌ಸಾ ಅನ್ನೋದು ಬೇರೆ ಯಂತ್ರ, ಜಿಗ್‌ಸಾ ಒಗಟನ್ನು ಹವ್ಯಾಸಿಗಳು ಕೊಯ್ಯೋದು ಸ್ಕ್ರೋಲ್ ಸಾದಲ್ಲಿ! ಬಣ್ಣಬಣ್ಣದ ಮರದ ತುಂಡು ಕೂಡಿಸಿ ಚಿತ್ರ ಮಾಡೋದಕ್ಕೆ ಇಟಲಿಯಿಂದ ಇಂಟಾರ್ಸಿಯಾ ಅಂತ ಹಾಗೇ ಎತ್ತಿಕೊಂಡರು, ಇಂಗ್ಲಿಷೇನೂ ಮುಳುಗಿಹೋಗಲಿಲ್ಲ.

ನನ್ನ ಕೇಳಿದರೆ, ಆಕಾರ ಬಿಡಿ, ಕೆಲಸ ನೋಡಿ. ನವಿರಾಗಿ ಕೊರೆದು ತೆಗೆಯೋ ಕೆಲಸಕ್ಕೆ ಕುಸುರಿ ಅಂತೀವಿ. 'ಕುಸುರಿ ಗರಗಸ'. ಯಾರಿಗೂ ಅರ್ಥ ಹೇಳಬೇಕಾಗಿಲ್ಲ.

– ಮ.

———

> ಕುಸುರಿ ಗರಗಸ

ಪರವಾಗಿಲ್ಲ, ಚೆನ್ನಾಗಿದೆ. ಒಂದೇ ತಕರಾರು. ಮೋಟಾರಿಲ್ಲದ, ಕೈಯಲ್ಲಿ ಕೊಯ್ಯೋ ಫ್ರೆಟ್ ಸಾ ಇದೆ. ಅದೇ ಕೆಲಸ, ಅದೇ ಥರದ ಸಪೂರ ಬ್ಲೇಡು. ಅದೂ ಕುಸುರಿ ಗರಗಸವೇ ಆಗುತ್ತೆ. ಅದು ಬಂದಲ್ಲೆಲ್ಲ ಹೆಸರಿನ ಮೊದಲು 'ಕೈ' ಸೇರಿಸಿ, ಸರಿಹೋಗುತ್ತೆ.

– ಗಿ.

———

ಕುಸುರಿ ಗರಗಸಕ್ಕೆ ನನ್ನ ಅಡ್ಡಿಯಿಲ್ಲ. ಬ್ಲೇಡಿಗೆ ಇದೆ.

– ತಿ.

———

ಎಲ್ಲರಿಗೂ ಥ್ಯಾಂಕ್ಸ್. 'ಕುಸುರಿ ಗರಗಸ' ಅಂತ ಹಾಕ್ತೀನಿ. ಮೊದಲ ಪುಟದಲ್ಲಿ ಒಂದು ಸಲ 'ಸ್ಕ್ರೋಲ್ ಸಾ ಎಂದು ಕೇಳಿ ಕೊಳ್ಳಿ' ಅಂತ ಬರುತ್ತೆ. ಬಿಗಿ, ಒಳಕೊಯ್ತ ಎರಡೂ ಹಾಗೇ ಕೂತವು. ಬ್ಲೇಡು ಬ್ಲೇಡಾಗೇ ಇರುತ್ತೆ ತಿ. ಅವರೇ. ಕೊಳ್ಳೋಕೆ ಹೋದವರು ಅಲಗು ಕೇಳಿದರೆ ಚಾಕು ತೋರಿಸ್ತಾರೆ.

ಗಿ. ಅವರಿಗೆ ಇನ್ನೊಂದೇ ಪ್ರಶ್ನೆ. ರಿವರ್ಸ್ ಹಲ್ಲು ಅಂತ ಬರುತ್ತೆ. 'ಉಲ್ಟಾ ಹಲ್ಲು' ಅನ್ನಬಹುದಾ?

– ಸು.

———

ಅನ್ನಬೇಡಿ. ಈ ಬ್ಲೇಡಿನ ಹಲ್ಲೆಲ್ಲ ಕೆಳಗೆ ನೋಡ್ತಿರುತ್ತೆ. ಕೆಲವು ಬ್ಲೇಡಿಗೆ ಕೆಳತುದಿಯ ಕಡೆ ಮಾತ್ರ ಒಂದಷ್ಟು ಹಲ್ಲು ಮೇಲ್ಮುಖವಾಗಿರುತ್ತೆ. ಬ್ಲೇಡು ಮೇಲೆ ಬರುವಾಗ ಹಲಗೆಯ ತಳದ ಸಿಬಿರನ್ನು ಅವು ಸವರಿಕೊಂಡು ಬರುತ್ತವೆ, ತಳ ನಯವಾಗುತ್ತೆ. 'ಮೇಲ್ಮುಖ ಹಲ್ಲು' ಅಂತ ಬರೀರಿ. 'ಉಲ್ಟಾ' ಅಂತ ನೋಡಿದ ಹೊಸಬರು ಬ್ಲೇಡನ್ನೇ ತಲೆಕೆಳಗು ಹಾಕ್ತಾರೆ. ಆಗ ಹಲ್ಲು ಹಲಗೆಯನ್ನು ಮೇಲಕ್ಕೆತ್ತಿ ಮೇಜಿಗೆ ಕುಟ್ಟುತ್ತೆ, ಕೈ ಅಲ್ಲೇ ಇರುತ್ತೆ. ಅದೇ ಪುಟದಲ್ಲಿ 'ಬ್ಲೇಡು ಸಿಕ್ಕಿಸಿದ ಮೇಲೆ ಹಲ್ಲು ಕೆಳಗೆ ನೋಡುತ್ತಿದೆಯೇ ಎಂದು ನೋಡಿ' ಅನ್ನೋ ಸಾಲನ್ನು ದಪ್ಪಕ್ಷರದಲ್ಲಿ ಹಾಕಿ.

– ಗಿ.